ಅಭ್ಯರ್ಥಿಯನ್ನು ಆರಿಸುವವರು ಯಾರು?

ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಘೋಷಿಸುವುದು ಪಕ್ಷದ ಪ್ರತಿನಿಧಿಗಳ ಮಹಾಧಿವೇಶನ. ಆ ಪ್ರತಿನಿಧಿಗಳನ್ನು ಕಳುಹಿಸುವವರು ಯಾರು? 1968ರಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಕಾಡಿದ್ದು ಇದೇ ಪ್ರಶ್ನೆ.

ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ಥಿ, ರಾಬರ್ಟ್ ಕೆನಡಿ ಪ್ರಾಥಮಿಕ ಚುನಾವಣೆಗಳಲ್ಲಿ ಜನರ ಮತ ಕೇಳಿದರು. ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಕೆನಡಿ ಗುಂಡೇಟಿಗೆ ಗುರಿಯಾದರು. ಕೊನೆಗೆ ಷಿಕಾಗೋ ಅಧಿವೇಶನದಲ್ಲಿ ಅಭ್ಯರ್ಥಿಯಾದವರು, ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ! ಹೆಚ್ಚಿನ ರಾಜ್ಯಗಳ ಪ್ರತಿನಿಧಿಗಳು ಆಗ ಪಕ್ಷದ ಮುಖಂಡರ ಹಿಡಿತದಲ್ಲಿದ್ದರು. ಒಳಗೆ ಎಲ್ಲವೂ ನಿಯಮದಂತೆಯೇ ನಡೆಯಿತು. ಹೊರಗೆ ಯುವಜನರ ಮೇಲೆ ಪೊಲೀಸರ ಲಾಠಿ ಬೀಸಿತು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ಕಂಡಿತು. ನವೆಂಬರಿನಲ್ಲಿ ಹಂಫ್ರಿ ಸೋತರು.

ಮುಂದೆ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಆಯೋಗ ನಿಯಮಗಳನ್ನು ಬದಲಿಸಿ ಜನರ ಮತಕ್ಕೆ ಬೆಲೆ ತಂದಿತು. 1972ರಲ್ಲಿ ಮೆಕ್‌ಗವರ್ನ್ ಅವರೇ ಅಭ್ಯರ್ಥಿಯಾದರು. 50 ರಾಜ್ಯಗಳಲ್ಲಿ ಗೆದ್ದದ್ದು ಒಂದೇ. 1984ರ ಹೊತ್ತಿಗೆ ಮುಖಂಡರು 'ಸೂಪರ್ ಡೆಲಿಗೇಟ್'ಗಳಾಗಿ ಮರಳಿ ಬಂದರು. 2018ರಲ್ಲಿ ಅವರ ಅಧಿಕಾರವನ್ನೂ ಮೊಟಕುಗೊಳಿಸಲಾಯಿತು.

ಜನ ಆರಿಸಿದವರೂ ಸೋಲಬಹುದು, ಮುಖಂಡರು ಆರಿಸಿದವರೂ ಸೋಲಬಹುದು. ಆದರೆ ತಮ್ಮನ್ನು ಕೇಳಿದರೆಂಬ ನಂಬಿಕೆಯಿದ್ದರೆ ಸೋತವರು ಮನೆಗೆ ಹೋಗುತ್ತಾರೆ; ಇಲ್ಲವಾದರೆ ಬೀದಿಗಿಳಿಯುತ್ತಾರೆ. ಷಿಕಾಗೋ ಕಲಿಸಿದ ಪಾಠ ಇದು.