ಗ್ರಾಮಫೋನಿನ ಮುಳ್ಳು

ವಸಂತನರಸಾಪುರದ ನಮ್ಮ ಮನೆಯಲ್ಲಿ ಗ್ರಾಮಫೋನೊಂದಿತ್ತು. ಅದರಲ್ಲಿ ಸದ್ದನ್ನು ಏರಿಸಿ ಇಳಿಸುವ ಗುಂಡಿಯಿರಲಿಲ್ಲ; ದಪ್ಪ ಉಕ್ಕಿನ ಮುಳ್ಳು ಗಟ್ಟಿಯಾಗಿ, ತೆಳುವಾದದ್ದು ಮೆಲ್ಲಗೆ ನುಡಿಯುತ್ತಿತ್ತು. ತಟ್ಟೆಯ ಮಗ್ಗುಲಿಗೊಂದು ಹೊಸ ಮುಳ್ಳು, ಜಗಳವೂ ಹೊಸದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯ ನಾಟಕಗಳಲ್ಲಿ, ಧ್ವನಿವರ್ಧಕವಿಲ್ಲದೆ ಕೊನೆಯ ಸಾಲನ್ನು ಮುಟ್ಟುವ ಕಂಠಗಳನ್ನು ಕೇಳಿದ್ದ ತಾತನವರಿಗೆ ದಪ್ಪ ಮುಳ್ಳೇ ಆಗಬೇಕು. ವೀಣೆ ಬಲ್ಲ ಅಜ್ಜಿಗೆ ತೆಳುವಾದದ್ದು. ನಾನು ಅಜ್ಜಿಯ ಪಕ್ಷ.

1948ರಲ್ಲಿ ಎಲ್‌.ಪಿ. ತಟ್ಟೆ ಬಂದಿತು, ಮುಂದೆ ನಮ್ಮ ಮನೆಯ ವಾದವೂ ಮುಳ್ಳಿನಿಂದ ಕಾರ್ಟ್ರಿಜ್ಜಿಗೆ ಸರಿಯಿತು. ಮೊನ್ನೆ ಅಂಗಡಿಯಲ್ಲಿ ಎರಡನ್ನು ಕೇಳಿಸಿದರು. ಮಗನಿಗೆ ಕರ್ಕಶವೆನಿಸಿದ್ದೇ ನನಗೆ ಸ್ಪಷ್ಟವೆನಿಸಿತು. ವಯಸ್ಸೇರಿದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ನಾದಗಳನ್ನು. ತಾತನವರದು ಒರಟು ಅಭಿರುಚಿಯೆಂದು ನಗುತ್ತಿದ್ದೆನಲ್ಲ, ಆಗ ಅವರಿಗೂ ನನ್ನ ಈಗಿನ ವಯಸ್ಸೇ. ಮಗನ ಮಾತು ಮೀರಿ ಅದನ್ನೇ ಕೊಂಡೆ.