ವೇಸನ್‌ನ 2-4-6 ಪ್ರಯೋಗ
ಜನ ತಮ್ಮ ಊಹೆಯನ್ನು ಹೇಗೆ ಪರೀಕ್ಷಿಸಿಕೊಳ್ಳುತ್ತಾರೆ ಎಂದು ತಿಳಿಯಲು ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ನಡೆಸಿ, 1960ರಲ್ಲಿ ಪ್ರಕಟಿಸಿದ ಪ್ರಯೋಗ. 2, 4, 6 ಈ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಹೊಂದುತ್ತವೆ. ಆ ನಿಯಮ ಯಾವುದೆಂದು ಕಂಡುಹಿಡಿಯಬೇಕು. ಭಾಗವಹಿಸಿದವರು ತಮಗೆ ತೋಚಿದ ಮೂರು ಸಂಖ್ಯೆಗಳನ್ನು ಬರೆದು ತೋರಿಸಬಹುದು. ಅವು ನಿಯಮಕ್ಕೆ ಹೊಂದುತ್ತವೆಯೋ ಇಲ್ಲವೋ ಎಂದಷ್ಟೇ ಉತ್ತರ ಸಿಗುತ್ತದೆ.

ಹೆಚ್ಚಿನವರಿಗೆ ಮೊದಲು ಹೊಳೆಯುವುದು ಎರಡೆರಡು ಏರುವ ಸಮಸಂಖ್ಯೆಗಳು. 8, 10, 12 ಎನ್ನುತ್ತಾರೆ, ಹೌದು ಎಂಬ ಉತ್ತರ ಬರುತ್ತದೆ. 20, 22, 24 ಎನ್ನುತ್ತಾರೆ, ಮತ್ತೆ ಹೌದು. ಅಷ್ಟಕ್ಕೇ ಧೈರ್ಯ ಬಂದು ನಿಯಮ ಹೇಳಿಬಿಡುತ್ತಾರೆ, ಅದು ತಪ್ಪಾಗಿರುತ್ತದೆ. ನಿಜವಾದ ನಿಯಮ ತೀರಾ ಸಡಿಲವಾದದ್ದು: ಏರಿಕೆಯ ಕ್ರಮದಲ್ಲಿರುವ ಯಾವ ಮೂರು ಸಂಖ್ಯೆಗಳಾದರೂ ಸರಿ. 1, 7, 50 ಎಂದು ಒಮ್ಮೆ ಕೇಳಿದ್ದರೆ ಊಹೆ ಅಲ್ಲೇ ಬಿದ್ದುಹೋಗುತ್ತಿತ್ತು. ಆದರೆ ತನ್ನ ಊಹೆಯನ್ನು ತಾನೇ ಕೆಡವಲು ಮನಸ್ಸು ಸುಲಭಕ್ಕೆ ಮುಂದಾಗುವುದಿಲ್ಲ. 29 ಮಂದಿಯಲ್ಲಿ ಮೊದಲ ಸಲವೇ ಸರಿಯಾದ ನಿಯಮ ಹೇಳಿದವರು 6 ಮಂದಿ.

ತನ್ನ ಊಹೆಗೆ ಹೊಂದುವ ಪುರಾವೆಯನ್ನೇ ಹುಡುಕುವ ಒಲವಾದ ದೃಢೀಕರಣ ಪಕ್ಷಪಾತಕ್ಕೆ ಇದನ್ನು ಮಾದರಿಯಾಗಿ ಕೊಡುವುದು ರೂಢಿ. 1987ರಲ್ಲಿ ಸಂಶೋಧಕರಾದ ಕ್ಲೇಮನ್ ಮತ್ತು ಹಾ ಎತ್ತಿದ ಆಕ್ಷೇಪವೂ ತೂಕದ್ದೇ: ಊಹೆಗೆ ಹೊಂದುವ ಉದಾಹರಣೆಗಳನ್ನೇ ಪರೀಕ್ಷಿಸುವುದು ಅನೇಕ ಸಂದರ್ಭಗಳಲ್ಲಿ ಒಳ್ಳೆಯ ವಿಧಾನ, ನಿಜವಾದ ನಿಯಮ ಊಹೆಗಿಂತ ವಿಶಾಲವಾಗಿದ್ದಾಗ ಮಾತ್ರ ಅದು ಹೀಗೆ ದಾರಿ ತಪ್ಪಿಸುತ್ತದೆ.