ಯುನಿಕ್ಸ್ ದುಬಾರಿಯಾದಾಗ

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ಕತೆಯನ್ನು ಹೇಳುತ್ತಾರೆ; ಪರವಾನಗಿ ಪತ್ರಗಳ ಕತೆಯನ್ನು ಹೇಳುವವರು ಕಡಮೆ. ಆದರೆ ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಫೋನುಗಳೊಳಗೆ ಯಾವ ತಂತ್ರಾಂಶ ಓಡುತ್ತಿದೆ, ಅದು ಏಕೆ ಅಲ್ಲಿಗೆ ಬಂದಿತು ಎಂಬುದನ್ನು ತಿಳಿಯಬೇಕಾದರೆ ಒಂದು ಪರವಾನಗಿಯ ಬೆಲೆಯೇರಿಕೆಯ ಕತೆಯನ್ನು ಕೇಳದೆ ಗತ್ಯಂತರವಿಲ್ಲ.

1969ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗೆ ಅಂಕುರಾರ್ಪಣ ಮಾಡಿದರು. ಪ್ರಯೋಗಶಾಲೆಯ ಒಡೆಯರು ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಸಂಸ್ಥೆಯವರು. ದೂರವಾಣಿಯ ಏಕಸ್ವಾಮ್ಯ ಅವರ ಕೈಯಲ್ಲಿದ್ದುದರಿಂದ, 1956ರ ಒಂದು ನ್ಯಾಯಾಲಯದ ಒಪ್ಪಂದದ ಮೇರೆಗೆ ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹೀಗಾಗಿ ಯುನಿಕ್ಸನ್ನು ಕೇಳಿದ ವಿಶ್ವವಿದ್ಯಾಲಯಗಳಿಗೆ ಅವರು ಹೆಸರಿಗಷ್ಟು ಶುಲ್ಕ ಪಡೆದು ಕೊಟ್ಟರು. ಮೂಲಸಂಕೇತವನ್ನೂ ಜೊತೆಗೇ ಕೊಟ್ಟರು. ದುರಸ್ತಿ ಮಾಡಿಕೊಡುವುದಿಲ್ಲ, ಕೆಟ್ಟರೆ ನಿಮ್ಮ ಪಾಡು ಎಂಬುದು ಷರತ್ತು. ಕಂಪನಿಗಳಿಗೆ ಮಾತ್ರ ಸುಮಾರು 20,000 ಡಾಲರ್ ಬೆಲೆ. ಕೆಟ್ಟದ್ದನ್ನು ತಾವೇ ಸರಿಪಡಿಸಿಕೊಳ್ಳಬೇಕಾಗಿ ಬಂದ ವಿದ್ಯಾರ್ಥಿಗಳೂ ಅಧ್ಯಾಪಕರೂ ಅದರ ಒಳಗುಟ್ಟನ್ನೆಲ್ಲ ಕಲಿತರು, ತಿದ್ದಿದರು, ತಿದ್ದಿದ್ದನ್ನು ಪರಸ್ಪರ ಹಂಚಿಕೊಂಡರು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರು ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಹೋಗಿ, ಬಿ.ಎಸ್.ಡಿ. ಎಂಬ ತಮ್ಮದೇ ಪಾಠಾಂತರವನ್ನು ಹೊರತಂದರು.

ಮೊದಲು ಕಹಿಯಾದದ್ದು ಬೆಲೆಯಲ್ಲ, ಕರಾರು. ಸಿಡ್ನಿಯ ಅಧ್ಯಾಪಕ ಜಾನ್ ಲಯನ್ಸ್ ಯುನಿಕ್ಸಿನ ಆರನೆಯ ಆವೃತ್ತಿಗೆ ಒಂದು ಭಾಷ್ಯ ಬರೆದು, ಸಾಲುಸಾಲಾಗಿ ವಿವರಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. 1979ರ ಏಳನೆಯ ಆವೃತ್ತಿಯ ಪರವಾನಗಿ, ಮೂಲಸಂಕೇತವನ್ನು ತರಗತಿಯಲ್ಲಿ ಬೋಧಿಸಕೂಡದೆಂದು ವಿಧಿಸಿತು. ಲಯನ್ಸರ ಭಾಷ್ಯ ಗುಟ್ಟಾಗಿ, ಪ್ರತಿಯ ಪ್ರತಿಯ ಪ್ರತಿಯಾಗಿ, ಅಕ್ಷರಗಳು ಮಾಸುವಷ್ಟು ಸಲ ನಕಲಾಗಿ ಲೋಕಸಂಚಾರ ಮಾಡಿತು. ಅದು ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ಆಮ್ಸ್ಟರ್‌ಡ್ಯಾಮಿನ ಆಂಡ್ರ್ಯೂ ಟ್ಯಾನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಇನ್ನೊಂದು ಹಾದಿ ಹಿಡಿದರು: ಎ.ಟಿ. ಅಂಡ್ ಟಿ.ಯ ಒಂದು ಸಾಲನ್ನೂ ಬಳಸದೆ, ಪಾಠಕ್ಕೆಂದೇ ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ತಾವೇ ಬರೆದು 1987ರಲ್ಲಿ ಪ್ರಕಟಿಸಿದರು.

1984ರ ಜನವರಿ 1ರಂದು ಎ.ಟಿ. ಅಂಡ್ ಟಿ. ವಿಭಜನೆಗೊಂಡಿತು, ಅದರೊಂದಿಗೆ ಹಳೆಯ ನಿರ್ಬಂಧವೂ ಕಳಚಿತು. ಇನ್ನು ಯುನಿಕ್ಸ್ ದಾನದ ವಸ್ತುವಲ್ಲ, ವ್ಯಾಪಾರದ ಸರಕು. ಪರವಾನಗಿಯ ಬೆಲೆ ಏರತೊಡಗಿತು. ದೊಡ್ಡ ಕಂಪನಿಗಳು ತಮ್ಮ ರೀತಿಯಲ್ಲೇ ಉತ್ತರ ಕೊಟ್ಟವು: ಎ.ಟಿ. ಅಂಡ್ ಟಿ.ಯು ಸನ್ ಕಂಪನಿಯೊಡನೆ ಕೈಜೋಡಿಸಿದಾಗ, ಐ.ಬಿ.ಎಂ., ಡಿಜಿಟಲ್, ಹ್ಯೂಲೆಟ್ ಪ್ಯಾಕರ್ಡ್ ಮೊದಲಾದವು 1988ರಲ್ಲಿ ಬೇರೊಂದು ಪ್ರತಿಷ್ಠಾನವನ್ನೇ ಕಟ್ಟಿದವು. ಅದರಿಂದ ಕಾಗದ ಖರ್ಚಾದಷ್ಟು ಕೆಲಸವಾಗಲಿಲ್ಲವೆಂಬುದು ನನ್ನ ಎಣಿಕೆ.

ನಿಜವಾದ ಉತ್ತರ ಬಂದದ್ದು ಬರ್ಕ್ಲಿಯಿಂದ. ಅವರ ಬಿ.ಎಸ್.ಡಿ.ಯಲ್ಲಿ ಸ್ವಂತ ಬರೆವಣಿಗೆ ಎಷ್ಟೇ ಇರಲಿ, ಅದನ್ನು ಪಡೆಯುವವನು ಮೊದಲು ಎ.ಟಿ. ಅಂಡ್ ಟಿ.ಗೆ ಪೂರ್ತಿ ಕಪ್ಪ ಒಪ್ಪಿಸಿ ಬರಬೇಕಾಗಿತ್ತು. ಹೆಪ್ಪು ಕೊಟ್ಟ ನೆರೆಮನೆಯವಳು ಆಮೇಲೆ ಮನೆಯ ಮೊಸರೆಲ್ಲ ತನ್ನದೆಂದ ಹಾಗೆ! ಸಣ್ಣ ಯಂತ್ರಗಳಿಗೆ ಜಾಲಸಂಪರ್ಕದ ಸಾಮಗ್ರಿ ಮಾಡಿ ಮಾರುವವರಿಗೆ ಬೇಕಾಗಿದ್ದುದು ಬರ್ಕ್ಲಿಯವರೇ ಬರೆದ ಜಾಲದ ಭಾಗ ಮಾತ್ರ. ಮಾರಿದ ಒಂದೊಂದು ಪ್ರತಿಗೂ ತೆರಬೇಕಾದ ಹಣ ಅವರಿಗೆ ಎಟುಕದಾಯಿತು. ಆ ಭಾಗವನ್ನಷ್ಟೇ ಬಿಡಿಸಿಕೊಡಿ ಎಂದು ಅವರು ಬೇಡಿಕೊಂಡರು. 1989ರ ಜೂನಿನಲ್ಲಿ ಬರ್ಕ್ಲಿ ಹಾಗೆಯೇ ಮಾಡಿತು. ಟೇಪಿಗೆ 1,000 ಡಾಲರ್. ಆದರೆ ಕೊಂಡವನು ಯಾರಿಗೆ ಬೇಕಾದರೂ ಪುಕ್ಕಟೆ ಕೊಡಬಹುದು. ಕೆಲವೇ ವಾರಗಳಲ್ಲಿ ಅದು ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿತು. ಹಾಗಿದ್ದೂ ನೂರಾರು ಸಂಸ್ಥೆಗಳು ಹಣ ತೆತ್ತು ಟೇಪು ತರಿಸಿಕೊಂಡವು. ಗಿರಾಕಿಗಳ ಸಿಟ್ಟು ಹಣ ಕೊಡಬೇಕಾದುದರ ಮೇಲೆ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬರ್ಕ್ಲಿಯ ಕೀತ್ ಬೋಸ್ಟಿಕ್ ಇಷ್ಟಕ್ಕೆ ತೃಪ್ತರಾಗಲಿಲ್ಲ. ಉಳಿದುದನ್ನೂ ಬಿಡಿಸಿಕೊಳ್ಳೋಣ ಎಂದರು. ಯುನಿಕ್ಸಿನ ನೂರಾರು ಉಪಕರಣಗಳನ್ನು, ಮೂಲವನ್ನು ನೋಡದೆ, ಪ್ರಕಟಿತ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಬರೆದುಕೊಡಿ ಎಂದು ಜಾಲದ ಮೂಲಕ ಮನವಿ ಮಾಡಿಕೊಂಡರು. ಸಂಭಾವನೆ? ಬರ್ಕ್ಲಿಯ ಪಟ್ಟಿಯಲ್ಲಿ, ಬರೆದ ಉಪಕರಣದ ಪಕ್ಕದಲ್ಲಿ, ಬರೆದವನ ಹೆಸರು, ಅಷ್ಟೇ. ಮೊದಮೊದಲು ಅಲ್ಪಸ್ವಲ್ಪ ಬಂದಿತು. ಹದಿನೆಂಟು ತಿಂಗಳಲ್ಲಿ ಮುಖ್ಯವಾದುವೆಲ್ಲ ಬಂದಿಳಿದುವು. ಆಗ ಬೋಸ್ಟಿಕ್ ತಮ್ಮ ಸಹೋದ್ಯೋಗಿಗಳಾದ ಮೆಕ್ಯೂಸಿಕ್ ಮತ್ತು ಕ್ಯಾರೆಲ್ಸ್ ಅವರ ಬಳಿ ಹೋಗಿ, ನಿಮ್ಮ ಪಾಲಿನ ಕರ್ನೆಲ್ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಮೂವರೂ ಕಡತ ಕಡತವನ್ನೂ ಜರಡಿ ಹಿಡಿದು ನೋಡಿದರು. ಎ.ಟಿ. ಅಂಡ್ ಟಿ.ಯ ಸೋಂಕು ಸುಲಭವಾಗಿ ಬಿಡಿಸಲಾಗದೆ ಉಳಿದದ್ದು ಆರೇ ಕಡತಗಳಲ್ಲಿ! ಆ ಆರನ್ನು ಕೈಬಿಟ್ಟು 1991ರ ಜೂನಿನಲ್ಲಿ ಎರಡನೆಯ ಬಿಡುಗಡೆ ಹೊರಬಿತ್ತು. ಆರು ತಿಂಗಳೊಳಗೆ ಬಿಲ್ ಜೋಲಿಟ್ಸ್ ಎಂಬವರು ಆ ಆರನ್ನೂ ತುಂಬಿಕೊಟ್ಟರು.

1992ರ ಜನವರಿಯಲ್ಲಿ ಬಿ.ಎಸ್.ಡಿ.ಐ. ಎಂಬ ಪುಟ್ಟ ಕಂಪನಿ ಇದನ್ನು ಮೂಲಸಂಕೇತದ ಸಮೇತ 995 ಡಾಲರಿಗೆ ಮಾರತೊಡಗಿ, ಸಿಸ್ಟಂ ಫೈವ್ ಯುನಿಕ್ಸಿನ ಬೆಲೆಗಿಂತ ಶೇಕಡಾ 99 ಅಗ್ಗ ಎಂದು ಜಾಹೀರಾತು ಕೊಟ್ಟಿತು. ಈ ಲೆಕ್ಕ ಹಿಡಿದರೆ ಮೂಲಸಂಕೇತದ ಪರವಾನಗಿ ಸುಮಾರು ಲಕ್ಷ ಡಾಲರನ್ನು ಮುಟ್ಟಿತ್ತು ಎಂದಾಯಿತು. ಸಾಲದುದಕ್ಕೆ, ‘ಇದು ಯುನಿಕ್ಸ್’ ಎಂಬರ್ಥ ಬರುವಂಥ ದೂರವಾಣಿ ಸಂಖ್ಯೆಯನ್ನೂ ಇಟ್ಟುಕೊಂಡಿತು; ಇದು ಕೊಂಚ ತುಂಟತನವೇ. ಎ.ಟಿ. ಅಂಡ್ ಟಿ.ಯ ಅಂಗಸಂಸ್ಥೆ ದಾವೆ ಹೂಡಿತು. ವಿಶ್ವವಿದ್ಯಾಲಯವನ್ನೂ ಪ್ರತಿವಾದಿಯಾಗಿ ಎಳೆಯಿತು. ಮಾರಾಟಕ್ಕೆ ತಡೆಯಾಜ್ಞೆ ಕೊಡಲು 1993ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಬರ್ಕ್ಲಿಯವರು, ನಮ್ಮ ಸಂಕೇತವನ್ನು ನೀವು ಬಳಸಿಕೊಂಡು ನಮ್ಮ ಹೆಸರನ್ನೇ ಹೇಳಿಲ್ಲವೆಂದು ತಿರುಗಿ ದಾವೆ ಹಾಕಿದರು. ಅಷ್ಟರಲ್ಲಿ ಯುನಿಕ್ಸ್ ನಾವೆಲ್ ಕಂಪನಿಯ ವಶವಾಯಿತು. 1994ರ ಆರಂಭದಲ್ಲಿ ರಾಜಿಯಾಯಿತು. 18,000 ಕಡತಗಳ ಪೈಕಿ ತೆಗೆದುಹಾಕಬೇಕಾಗಿ ಬಂದದ್ದು ಮೂರು. ಇನ್ನು ಸುಮಾರು 70 ಕಡತಗಳಿಗೆ ಕೃತಿಸ್ವಾಮ್ಯದ ಸೂಚನೆ ಅಂಟಿಸಿದರು. ಕೆಲವು ಕಡೆ ಸಣ್ಣಪುಟ್ಟ ತಿದ್ದುಪಡಿ.

ಮೊಕದ್ದಮೆ ಗೆದ್ದಂತಾದರೂ ಕಾಲ ಕೈಜಾರಿತ್ತು. ಎರಡು ವರ್ಷ ತಲೆಯ ಮೇಲೆ ಕತ್ತಿ ತೂಗುತ್ತಿದ್ದ ತಂತ್ರಾಂಶವನ್ನು ನೆಚ್ಚಲು ಅನೇಕರು ಅಂಜಿದರು. ಹೆಲ್ಸಿಂಕಿಯಲ್ಲಿ ಮಿನಿಕ್ಸನ್ನು ಇಟ್ಟುಕೊಂಡು ಕುಳಿತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲೇ ತನ್ನದೊಂದು ಕರ್ನೆಲ್ ಬರೆಯಲು ತೊಡಗಿದ್ದ. ಅದಕ್ಕೆ ಯಾರ ಪರವಾನಗಿಯ ಹಂಗೂ ಇರಲಿಲ್ಲ. ಆಂಡ್ರಾಯ್ಡ್ ಫೋನುಗಳ ಒಳಗಿರುವ ಲಿನಕ್ಸ್ ಅದೇ. ಜೋಲಿಟ್ಸರ ವ್ಯವಸ್ಥೆ ಆಗ ಕೈಗೆ ಸಿಕ್ಕಿದ್ದರೆ ತಾನು ಬಹುಶಃ ಲಿನಕ್ಸನ್ನು ಬರೆಯುತ್ತಲೇ ಇರಲಿಲ್ಲವೆಂದು ಆತ 1993ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ.